ನನ್ನ ದನಿಯಲ್ಲಿ ಅಕ್ಕ ಹೇಳಿದ ಹೂಂ

ಫೋನು ಬಡಿದುಕೊಂಡರೆ ನನಗೆ ಅದನ್ನು ದಿಂಬಿನ ಕೆಳಗೆ ತಳ್ಳಿ ಓಡಿಹೋಗಬೇಕೆನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೇನೆ. ಗುರುತಿಲ್ಲದ ನಂಬರಾದರೆ ಇನ್ನೂ ಕಷ್ಟ. ಎತ್ತಿದರೆ ಮಾತಾಡಬೇಕು, ಎತ್ತದಿದ್ದರೆ ಮತ್ತೆ ಬರುತ್ತದೆ. ಬೆಳಿಗ್ಗೆ ಹಾಗೆ ಬಂದ ಒಂದನ್ನು ಎತ್ತಿದ್ದೇ ಸಾಕಾಗಿತ್ತು. ಈಗ, ನಮ್ಮ ನೀರು ಪರೀಕ್ಷಾಲಯದವರೆಲ್ಲ ಊಟಕ್ಕೆ ಎದ್ದ ಹೊತ್ತಿಗೆ, ಮತ್ತೊಂದು. ಖಾಲಿ ಬಾಟಲಿಗಳನ್ನು ಜೋಡಿಸಿಡುವ ಕೋಣೆಗೆ ಚೀಲ ಸಮೇತ ಹೋಗಿ, ಬಾಗಿಲು ಮುಂದಕ್ಕೆ ತಳ್ಳಿ ಎತ್ತಿದೆ.

ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?...

ಯಾರು?... ಅಕ್ಕಾನಾ? ಇದ್ಯಾರ ನಂಬರಿಂದ ಮಾಡ್ತಿದ್ದೀಯಾ?...

ಹೌದು, ಬೇಕಂತಲೇ ಎತ್ತಲಿಲ್ಲ. ನೀನು ಮಾಡಿದ ಅಷ್ಟು ಸಲಾನೂ ಬೇಕಂತಲೇ ಎತ್ತಲಿಲ್ಲ. ಅದು ಗೊತ್ತಾದ್ಮೇಲೂ ಬೇರೆಯವರ ಫೋನು ಇಸ್ಕೊಂಡು ಮಾಡ್ತೀಯಲ್ಲ, ನಿನಗೆ... ಯಾರದ್ದು? ಕಾರು ಕಲಿಯೋಕೆ ಬರ್ತಾರಲ್ಲ, ಆ ರಿಟೈರ್ ಆದ ಹೆಡ್‌ಮಿಸ್ಟ್ರೆಸ್ಸಾ? ಅವರೀಗ ಎಲ್ಲಿದ್ದಾರೆ?...

ಸ್ಟೀರಿಂಗ್ ಹಿಡ್ಕೊಂಡಿದ್ದಾರಾ! ಅಕ್ಕಾ, ಅವರು ಗಾಡಿ ಓಡಿಸ್ತಿದ್ದಾರೆ, ನೀನು ಪಕ್ಕದಲ್ಲಿ ಕೂತು ಅವರ ಫೋನಲ್ಲೇ ನನ್ನ ಹತ್ರ ಮಾತಾಡ್ತಿದ್ದೀಯಾ? ನಿನ್ನ ಡ್ರೈವಿಂಗ್ ಸ್ಕೂಲಿಗೆ ಯಾವ ಪುಣ್ಯಾತ್ಮ ಲೈಸೆನ್ಸ್ ಕೊಟ್ಟನೋ...

ಪುಟ್ಟೀ ಅನ್ಬೇಡ. ಇವತ್ತು ನನ್ನ ಪುಟ್ಟಿ ಅನ್ಬೇಡ ನೀನು...

ಏನಾಯ್ತು ಅಂತ ನನ್ನನ್ನೇ ಕೇಳ್ತೀಯಾ? ಬೆಳಿಗ್ಗೆ ದೊಡ್ಡಾಸ್ಪತ್ರೆಯಿಂದ ಫೋನ್ ಬಂದಿತ್ತು. ನನಗೆ. ನನ್ನ ನಂಬರಿಗೆ...

ಹಾಂ. ಬರಬಾರದಿತ್ತು ಅಲ್ವಾ? ನಿನಗೇ ಬರಬೇಕಿತ್ತು. ನೀನು ಯಾರಿಗೋ ಗೇರು ಹಾಕೋದು ಹೇಳಿಕೊಡ್ತಾ ಇದ್ದೆ ಅಂತ ಕಾಣುತ್ತೆ, ಎತ್ತಲಿಲ್ಲವಂತೆ. ಅದಕ್ಕೆ ಅಲ್ಲಿ ಹೆಸರು ಬರ್ಕೊಳ್ಳೋ ಕೋಆರ್ಡಿನೇಟರ್ ಎರಡನೇ ನಂಬರಿಗೆ ಮಾಡಿದ್ಲು. ನಿನ್ನ ಗ್ರಹಚಾರ, ಎರಡನೇ ನಂಬರು ಅಂತ ನೀನು ನಂದೇ ಕೊಟ್ಟಿದ್ದೆ...

ಏನಂದ್ಲಾ? 'ಮೇಡಂ, ಸಕ್ಕರೆ ಕಾಯಿಲೆಯ ಜೀನ್ ಥೆರಪಿ ಪ್ರಯೋಗಕ್ಕೆ ನೀವು ಒಪ್ಪಿಕೊಂಡಿದ್ದು ನಮಗೆಲ್ಲ ತುಂಬಾ ಸಂತೋಷ' ಅಂದ್ಲು. ನಾನು ಒಪ್ಪಿಕೊಂಡಿದ್ದು! ಯಾವಾಗ ಒಪ್ಪಿಕೊಂಡೆ ಅಕ್ಕಾ ನಾನು? ನಿದ್ದೆಗಣ್ಣಲ್ಲಾ?...

ಇನ್ನೂ ಇದೆ, ಕೇಳು. 'ಯಾಕೆ ಮೇಡಂ, ಇವತ್ತು ನಿಮ್ಮ ದನಿ ಬೇರೆ ಥರ ಕೇಳಿಸ್ತಿದೆ, ಶೀತ ಆಗಿದೆಯಾ?' ಅಂದ್ಲು... ನಗಬೇಡ. ನಗಬೇಡ ಅಂದ್ನಲ್ಲ...

ನಾನೇನಂದ್ನಾ? ನಾನೇನಂದೆ ಅನ್ನೋದು ಈಗ ಮುಖ್ಯ ಅಲ್ಲ...

ಅಲ್ಲ ಅಂದ್ರೆ ಅಲ್ಲ...

'ಹೌದು, ಶೀತ' ಅಂದೆ... ನಗು. ನಗು. ಹೊಟ್ಟೆ ಹಿಡ್ಕೊಂಡು ನಗು. ಅವರನ್ನೂ ನಗಿಸು, ಇಬ್ಬರೂ ಸೇರಿ ಹೋಗಿ ಯಾವುದಾದ್ರೂ ಕಂಬಕ್ಕೆ ಗುದ್ದಿ...

ಅಕ್ಕನ ನಗುವಿಗೆ ಕಾರಣವಿದೆ. ನನ್ನ ಹೆಸರು ಹೇಳಿಕೊಂಡು ಫೋನಿನಲ್ಲಿ ಮಾತಾಡುವುದು ಅವಳಿಗೆ ಹೊಸದಲ್ಲ. ಬ್ಯಾಂಕಿನವರಿಗೆ, ಕಾಲೇಜಿನ ಆಫೀಸಿಗೆ, ಈ ಕೆಲಸದ ಸಂದರ್ಶನಕ್ಕೆ ದಿನ ಗೊತ್ತುಮಾಡಿದವರಿಗೆ, ಎಲ್ಲರಿಗೂ ನನ್ನ ದನಿ ಎಂದರೆ ಅಕ್ಕನ ದನಿಯೇ. ನಾನು ಎದುರಿಗೆ ಕೂತು ತಲೆಯಾಡಿಸುತ್ತಿದ್ದೆ, ಅವಳು ಆ ತಲೆಯಾಟವನ್ನು ಮಾತು ಮಾಡಿ ದಾಟಿಸುತ್ತಿದ್ದಳು. ಈ ಸಲ ಮಾತ್ರ ತಲೆಯಾಡಿಸಲು ನಾನು ಎದುರಿಗೆ ಇರಲಿಲ್ಲ.

ಏನು? ನಾನೇ ಹೇಳಿದ್ದಾ?... ಹೌದು, ನಾನೇ ಹೇಳ್ತಿದ್ದೆ. ನನ್ನ ಹೆಸರಲ್ಲಿ ಮಾತಾಡು ಅಕ್ಕಾ ಅಂತ ನಾನೇ ಕಾಲು ಹಿಡೀತಿದ್ದೆ. ಗ್ಯಾಸ್ ಬುಕ್ ಮಾಡು ಅಂತ ಹೇಳಿದ್ದೆ ಅಕ್ಕಾ. ನನ್ನ ಮೈ ಬುಕ್ ಮಾಡು ಅಂತ ಹೇಳಿರಲಿಲ್ಲ...

ಅದ್ಯಾರು ಮಧ್ಯದಲ್ಲಿ 'ಅದು ತಪ್ಪು' ಅಂದಿದ್ದು?... ಅಕ್ಕಾ. ಅಕ್ಕಾ, ಸ್ಪೀಕರಲ್ಲಿ ಇಟ್ಟಿದ್ದೀಯಾ?...

ಕೈ ಖಾಲಿ ಇರಬೇಕಂತೆ! ನನ್ನ ಮಾನ ಹರಾಜು ಹಾಕೋಕೆ ಕೈ ಬೇರೆ ಖಾಲಿ ಬೇಕಾ ನಿನಗೆ?... ಹಾಂ, ನಮಸ್ಕಾರ ಟೀಚರ್... ಇಲ್ಲ ಇಲ್ಲ, ನಿಮ್ಮ ಮೇಲೆ ಕೋಪ ಇಲ್ಲ... ಪರವಾಗಿಲ್ಲ, ಕೇಳಿಸ್ಕೊಳ್ಳಿ, ಇನ್ನೇನು ಉಳಿದಿದೆ... ನೀವು ರಸ್ತೆ ನೋಡಿ ಟೀಚರ್, ದಯವಿಟ್ಟು...

ನೋಡು, ಅವರೂ ತಪ್ಪು ಅಂತಿದ್ದಾರೆ. ಎಷ್ಟು ಮಕ್ಕಳ ಕಿವಿ ಹಿಂಡಿರೋ ಕೈ ಅದು. ನಿಂದೂ ಒಂದು ಸಲ ಹಿಂಡೋಕೆ ಹೇಳು...

ಯಾವ ಪೇಪರು?... ಹಾಂ, ಅದೇ. 'ಒಂದೇ ಇಂಜೆಕ್ಷನ್, ಆಮೇಲೆ ಜೀವನಪೂರ್ತಿ ಸೂಜಿ ಬೇಡ.' ನಾನೂ ಓದಿದ್ದೀನಿ. ನೀನು ಆ ಪೇಪರನ್ನ ಮಡಚಿ ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದೆಯಲ್ಲ, ಕೊನೇ ಸಾಲು ಓದಿದ್ಯಾ?... ಇಲ್ಲ. ಓದಿರಲ್ಲ. ಇಲಿಗಳ ಮೇಲೆ ಅಂತ ಇದೆ ಅಕ್ಕಾ ಕೊನೇ ಸಾಲಲ್ಲಿ. ವಾಸಿಯಾಗಿದ್ದು ಇಲಿಗೆ. ನಾನು ಇಲಿಯಲ್ಲ...

ಮನುಷ್ಯರಿಗೂ ಶುರು ಮಾಡ್ತಿದ್ದಾರೆ, ಹೌದು. ಶುರು ಮಾಡ್ತಿದ್ದಾರೆ. ಶುರು ಅಂದ್ರೆ ಏನು ಅಂತ ಗೊತ್ತಾ ನಿನಗೆ? ಮೊದಲನೇ ಹಂತದಲ್ಲಿ ಔಷಧಿ ಕೊಟ್ಟು ವಾಸಿ ಮಾಡೋದಲ್ಲ. ಇದು ಔಷಧಿ ಹೌದಾ ಅಲ್ಲವಾ, ಎಷ್ಟು ಕೊಟ್ಟರೆ ಜೀವಕ್ಕೆ ಅಪಾಯ ಇಲ್ಲ ಅಂತ ನೋಡೋದು. ಮೊದಲು ಸೇರಿದವರಿಗೆ ಚೂರೇ ಚೂರು ಕೊಡ್ತಾರೆ. ಅದರಿಂದ ಏನೂ ಆಗದೇನೂ ಇರಬಹುದು...

'ಏನೂ ಆಗದಿದ್ರೆ ಬಿಡು, ಮತ್ತೆ ಇನ್ನೊಂದು ಸಲ ಹೋದ್ರಾಯ್ತು'. ಇದೇ. ಇದೇ ಮಾತು ನನಗೆ ಬೆಂಕಿ ಹಚ್ಚೋದು. ಇನ್ನೊಂದು ಸಲ ಇಲ್ಲ ಅಕ್ಕಾ! ನಾನು ಬಿಎಸ್ಸಿ ಓದಿದ್ದು ಬಾಟಲಿ ತೊಳೆಯೋಕೆ ಅಂದ್ಕೊಂಡಿದ್ದೀರಾ ಎಲ್ಲರೂ? ಒಂದು ಮಾತು, ಒಂದೇ ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿದ್ದೆ...

ಈಗ ಹೇಳ್ಲಾ? ಕೇಳ್ತೀಯಾ?... ನಿನ್ನ ಭಾಷೇಲೇ ಹೇಳ್ತೀನಿ. ಜೀನು ತಾನಾಗಿ ನಡ್ಕೊಂಡು ಮೈಯೊಳಗೆ ಹೋಗಲ್ಲ. ಅದಕ್ಕೊಂದು ಗಾಡಿ ಬೇಕು. ವೈರಸ್ಸೇ ಆ ಗಾಡಿ. ರೋಗ ತರೋ ಸಾಮಾನನ್ನೆಲ್ಲ ಅದರಿಂದ ಇಳಿಸಿಬಿಟ್ಟು, ಇನ್ಸುಲಿನ್ ಮಾಡೋ ಜೀನನ್ನ ತುಂಬಿ ಒಳಗೆ ಕಳಿಸ್ತಾರೆ. ಸರೀನಾ?... ಹಾಂ, ಟೀಚರ್, ಅದೇ, ಸರಿಯಾಗಿ ಹೇಳಿದ್ರಿ. ಆದ್ರೆ ಮೈಯಲ್ಲಿ ಕಾವಲುಗಾರ ಇರ್ತಾನೆ. ಗಾಡಿ ಒಳಗೆ ಹೋಗೋದನ್ನ ಅವನು ನೋಡ್ತಾನೆ. ಅವನಿಗೆ ಒಳಗಿರೋ ಸಾಮಾನು ಒಳ್ಳೇದಾ ಕೆಟ್ಟದ್ದಾ ಗೊತ್ತಾಗಲ್ಲ, ಗಾಡಿ ಮಾತ್ರ ಗೊತ್ತಾಗುತ್ತೆ. ನಂಬರ್ ಪ್ಲೇಟು ಬರ್ಕೊಂಡುಬಿಡ್ತಾನೆ. ಆಮೇಲೆ ಅದೇ ಗಾಡಿ ಇನ್ನೊಂದು ಸಲ ಬಂದ್ರೆ ಗೇಟಲ್ಲೇ ಹೊಡೆದು ಹಾಕ್ತಾನೆ...

ಅದನ್ನೇ ನಾನು ಹೇಳ್ತಿರೋದು! ಇವತ್ತು ಅವರು ಕೊಡೋ ಚೂರು ನನಗೆ ನಾಟದೇ ಹೋದ್ರೂ ಗಾಡಿ ಗುರುತಾಗಿಬಿಡುತ್ತೆ. ನಾಳೆ ಇದೇ ಗಾಡಿಯಲ್ಲಿ ನಿಜವಾದ ಔಷಧಿ ಬಂತು ಅಂದ್ಕೋ. ಊರವರೆಲ್ಲ ಸಾಲಲ್ಲಿ ನಿಂತು ಹಾಕಿಸ್ಕೊಂಡು ಮನೆಗೆ ಹೋಗ್ತಾರೆ. ನನ್ನ ಒಬ್ಬಳಿಗೆ ಗೇಟು ಮುಚ್ಚಿರುತ್ತೆ. ನನಗಿರೋದು ಒಂದು ಅವಕಾಶ. ಅದನ್ನ ನೀನು ನಿನ್ನ ಫೋನಲ್ಲಿ, ಕ್ಲಚ್ಚು ಬಿಡಿ, ಕ್ಲಚ್ಚು ಬಿಡಿ ಅನ್ನೋದರ ಮಧ್ಯ, 'ಹೂಂ' ಅಂತ ಹೇಳಿ ಖರ್ಚು ಮಾಡಿಬಿಟ್ಟೆ...

ಇನ್ನೂ ಖರ್ಚಾಗಿಲ್ಲ, ಗೊತ್ತು. ಇವತ್ತು ಸಂಜೆಯೊಳಗೆ ಹೇಳಬೇಕಂತೆ. ಬರ್ತೀನಿ ಅಂದ್ರೆ ನಾಳೆ ರಕ್ತ ತಗೋತಾರೆ. ಬರಲ್ಲ ಅಂದ್ರೆ ನನ್ನ ಜಾಗ ಇನ್ನೊಬ್ಬರಿಗೆ ಹೋಗುತ್ತೆ...

ಅಮ್ಮನಿಗೆ ಗೊತ್ತಾ?... ಅಮ್ಮನಿಗೂ ಗೊತ್ತು. ಸರಿ. ಬೆಳಿಗ್ಗೆ ಅದಕ್ಕೇ ನನ್ನ ಮುಖ ನೋಡಿ ನೋಡಿ ನಗ್ತಿದ್ಲು, ನಾನು ಬಟ್ಟೆ ಉಲ್ಟಾ ಹಾಕ್ಕೊಂಡಿದ್ದೀನೇನೋ ಅಂತ ಎರಡು ಸಲ ಕನ್ನಡಿ ನೋಡಿದೆ... ಮತ್ತೆ ಯಾರಿಗೆ? ಚಿಕ್ಕಮ್ಮನಿಗಾ! ಚಿಕ್ಕಮ್ಮನಿಗೆ ಹೇಳಿದ್ರೆ ಬೀದಿಗೆ ಮೈಕು ಕಟ್ಟಿದ ಹಾಗಲ್ವಾ! ಹಾಗಾದ್ರೆ ನನಗೆ ವಾಸಿಯಾಗೋ ಸುದ್ದಿ ನನ್ನೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತು...

ಟೀಚರ್, ನೀವೇ ಹೇಳಿ. ನಿಮ್ಮ ತಂಗಿ ನಿಮ್ಮನ್ನ ಕೇಳದೆ... ಹಾಂ. ಹಾಂ... ನಿಮ್ಮ ತಂಗಿ ನಿಮ್ಮ ಸೀರೆ ಕೇಳದೆ ಉಟ್ಟಿದ್ದಕ್ಕೇ ಮಾತು ಬಿಟ್ಟಿದ್ರಾ? ಕೇಳಿಸ್ತಾ ಅಕ್ಕಾ? ಸೀರೆಗೆ!... ಎಡಗಡೆ ಇಂಡಿಕೇಟರ್ ಹಾಕಿ ಅಂತ ನನಗೆ ಹೇಳ್ತಿದ್ದೀಯಾ ಅವರಿಗಾ?...

ಮಾತು ತಿರುಗಿಸ್ಬೇಡ. ಇನ್ನೊಂದು ವಿಷಯಕ್ಕೆ ಬರ್ತೀನಿ. ನಿಜವಾಗಿ ನನಗೆ ತಲೆ ಕೆಟ್ಟಿದ್ದು ಅದಕ್ಕೇ...

ಆ ಕೋಆರ್ಡಿನೇಟರ್ 'ನಿಮ್ಮ ಉತ್ತರಗಳನ್ನ ಒಂದು ಸಲ ಓದ್ತೀನಿ ಮೇಡಂ, ಸರಿ ಇದೆಯಾ ಹೇಳಿ' ಅಂದ್ಲು. ನನ್ನ ಉತ್ತರಗಳು! ಎತ್ತರ, ತೂಕ, ಎಷ್ಟನೇ ವಯಸ್ಸಲ್ಲಿ ಶುರುವಾಯ್ತು, ಎಲ್ಲ ಸರಿ ಇತ್ತು. ನನಗಿಂತ ನಿನಗೇ ಚೆನ್ನಾಗಿ ನೆನಪಿದೆ. ಆಮೇಲೆ, 'ಶುಗರ್ ತುಂಬಾ ಇಳಿದ್ರೂ ನಿಮಗೆ ಗೊತ್ತಾಗಲ್ಲ, ಬೆವರಲ್ಲ, ನಡುಕ ಬರಲ್ಲ, ಯಾವ ಸೂಚನೇನೂ ಇಲ್ಲದೆ ಕುಸಿದುಬಿಡ್ತೀರಿ ಅಂದಿದ್ರಲ್ಲ ಮೇಡಂ' ಅಂದ್ಲು. ಅಂದಿದ್ನಾ ನಾನು? ಯಾಕೆ ಹಾಗೆ ಹೇಳ್ದೆ?...

ಅಂಥವರನ್ನ ಮಾತ್ರ ತಗೋತಾರೆ ಅಂತನಾ?... ಓಹೋ. ಲೈಸೆನ್ಸ್ ಟೆಸ್ಟಿಗೆ ಹೇಳಿಕೊಡ್ತೀಯಲ್ಲ, ಇನ್ಸ್‌ಪೆಕ್ಟರ್ ಹೀಗೆ ಕೇಳಿದ್ರೆ ಹೀಗೆ ಹೇಳಿ ಅಂತ, ಅದೇ ಬುದ್ಧಿ! ಪಾಸಾದ್ರೆ ಸಾಕು, ಆಮೇಲೆ ರಸ್ತೆ ಮೇಲೆ ಯಾರ ಮೇಲೆ ಹತ್ತಿಸಿದ್ರೂ ಚಿಂತೆ ಇಲ್ಲ, ಅಲ್ವಾ?...

ಬಾತ್ರೂಮಲ್ಲಿ ಬಿದ್ದಿದ್ದಾ? ನಾನು ಬಾತ್ರೂಮಲ್ಲಿ ಬಿದ್ದೆ ಅಂತಾನೂ ಹೇಳಿದ್ಯಾ? ಯಾವ ಬಾತ್ರೂಮು? ಯಾವ ದಿನ? ಬಣ್ಣ ಬಣ್ಣವಾಗಿ ಹೇಳಿದ್ಯಾ, ಸೋಪು ಯಾವುದಿತ್ತು ಅಂತಾನೂ ಹೇಳಿದ್ಯಾ?... ಸುಳ್ಳು! ಅದು ಸುಳ್ಳು ಅಕ್ಕಾ! ನನ್ನ ಬಾಯಲ್ಲಿ ನೀನು ಸುಳ್ಳು ಹೇಳಿಸಿದ್ದೀಯಾ! ನನಗೆ ಹಾಗೆಲ್ಲ ಆಗಲ್ಲ! ಆಗಲ್ಲ ಅಂದ್ರೆ ಆಗಲ್ಲ!...

ರ‍್ಯಾಕಿನ ಮೇಲಿದ್ದ ಬಾಟಲಿಗಳು ಸಣ್ಣಗೆ ಕಿಣಿಗುಟ್ಟಿದವು. ಅಷ್ಟು ಜೋರಾಗಿ ಕೂಗಿದ್ದೆ. ನಾನು ಹೀಗೆ ಕೂಗಬಲ್ಲೆ ಎಂದು ನನಗೇ ತಿಳಿದಿರಲಿಲ್ಲ. ಬೆಳಿಗ್ಗೆ ಆ ಹೆಂಗಸು ಇದೇ ಪ್ರಶ್ನೆ ಕೇಳಿದಾಗ ಮಾತ್ರ ಕೂಗಿರಲಿಲ್ಲ. ಸುಳ್ಳೆಂದೂ ಹೇಳಿರಲಿಲ್ಲ. ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟುಬಿಟ್ಟಿದ್ದೆ.

ಏನು?... ಊಟನಾ? ಊಟಕ್ಕೂ ಇದಕ್ಕೂ ಏನು ಸಂಬಂಧ?... ಇಲ್ಲ. ಇನ್ಸುಲಿನ್ ತಗೊಂಡೆ, ಡಬ್ಬಿ ತೆಗೆಯೋ ಹೊತ್ತಿಗೆ ನಿನ್ನ ಫೋನು ಬಂತು. ಆಮೇಲೆ ತಿಂತೀನಿ...

ಏನಂದೆ? ಮತ್ತೊಂದು ಸಲ ಹೇಳು?...

ಹೇಳು. ಟೀಚರಿಗೂ ಕೇಳಿಸೋ ಹಾಗೆ ಹೇಳು...

'ಶುಗರ್ ನೋಡ್ಕೋ'. ಬಂತು! ಎಲ್ಲಿ ಇನ್ನೂ ಬರಲಿಲ್ಲವಲ್ಲ ಅಂತ ಕಾಯ್ತಿದ್ದೆ. ಟೀಚರ್, ನಮ್ಮನೇಲಿ ಇದೊಂದು ಮಾತಿದೆ. ನಾನು ದನಿ ಎತ್ತಿದ್ರೆ ಸಾಕು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಆಮೇಲೆ ಯಾರಾದ್ರೂ ಒಬ್ಬರು ಮೆಲ್ಲಗೆ, ಪಾಪ ಅನ್ನೋ ಥರ, 'ಶುಗರ್ ಇಳಿದಿರಬೇಕು, ನೋಡ್ಕೋ ಪುಟ್ಟಿ' ಅಂತಾರೆ. ಅಲ್ಲಿಗೆ ಮುಗೀತು. ನಾನು ಏನಕ್ಕೆ ಕೂಗಿದೆ ಅಂತ ಆಮೇಲೆ ಯಾರೂ ಕೇಳಲ್ಲ...

ಸುಳ್ಳಾ? ಹೇಳು ಅಕ್ಕಾ, ಸುಳ್ಳಾ? ಎಂಎಸ್ಸಿಗೆ ಸೇರ್ತೀನಿ ಅಂದಾಗ ಬೇಡ ಅಂದ್ರಿ. ಬಾಗಿಲು ಹಾಕ್ಕೊಂಡು ಅತ್ತೆ. ಅಪ್ಪ ಏನು ಮಾಡಿದ್ರು? ಬಾಗಿಲ ಕೆಳಗಿನ ಸಂದಿಯಿಂದ ಗ್ಲೂಕೋಸ್ ಬಿಸ್ಕತ್ತು ತಳ್ಳಿದ್ರು! ಒಂದಾದ ಮೇಲೊಂದು! ಪೋಸ್ಟ್ ಹಾಕಿದ ಹಾಗೆ! ನೀನು ಆಚೆ ನಿಂತು 'ತಿಂದ್ಲಾ? ತಿಂದ್ಲಾ?' ಅಂತ ಕೇಳ್ತಿದ್ದೆ. ನನಗೆ ಶುಗರ್ ಇಳಿದಿರಲಿಲ್ಲ ಅಕ್ಕಾ. ನನಗೆ ಓದಬೇಕಿತ್ತು...

ನೀನು ಕೋಪ ಮಾಡ್ಕೊಂಡ್ರೆ ಭಾವ ಎರಡು ದಿನ ಮೆತ್ತಗಿರ್ತಾರೆ. ಅಮ್ಮ ಕೋಪ ಮಾಡ್ಕೊಂಡ್ರೆ ಪಾತ್ರೆ ಸದ್ದಿಗೆ ಪಕ್ಕದ ಮನೆಯವರೂ ಮೆತ್ತಗಾಗ್ತಾರೆ. ನಿಮ್ಮದೆಲ್ಲ ಕೋಪ. ನಂದು ಮಾತ್ರ ಕಾಯಿಲೆ...

ಕಾರಲ್ಲಿ ನಿನ್ನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಲ್ಲ? ಟೀಚರಿಗೆ ತಾವೇ ಓಡಿಸ್ತಿದ್ದೀನಿ ಅನ್ಸುತ್ತೆ, ನಿಲ್ಲಿಸೋದು ನೀನು. ನನಗೂ ಹಾಗೇ ಮಾಡಿದ್ದೀಯಾ. ಸ್ಟೀರಿಂಗು ನನ್ನ ಕೈಗೆ ಕೊಟ್ಟ ಹಾಗೆ ಮಾಡಿ, ಇಷ್ಟು ವರ್ಷ ಕಾಲಲ್ಲಿ ನೀನೇ ಒತ್ತುತಾ ಬಂದಿದ್ದೀಯಾ... ಟೀಚರ್, ಕ್ಷಮಿಸಿ, ನಿಮ್ಮನ್ನ ಅಂದಿದ್ದಲ್ಲ, ನೀವು ಚೆನ್ನಾಗೇ ಓಡಿಸ್ತೀರಿ ಅಂತ ಅಕ್ಕ ಹೇಳ್ತಿರ್ತಾಳೆ...

ಹೇಳಲ್ವಾ? ಸರಿ ಹೋಯ್ತು...

ಮಾತಾಡು. ಈಗ ನಿನ್ನ ಸರದಿ...

ಗೊತ್ತು. ಭಾವನಿಗೆ ವರ್ಗ ಆಗಿದೆ, ಬರೋ ತಿಂಗಳು ಹೋಗ್ತಿದ್ದೀರಾ, ಗೊತ್ತು. ಅದಕ್ಕೂ ಇದಕ್ಕೂ ಏನು?...

ಓ.

ಓಹೋ. ಹಾಗಾ. ಮನೆ ಬಿಡೋಕೆ ಮುಂಚೆ ನಲ್ಲಿ ರಿಪೇರಿ, ಫ್ಯಾನ್ ರಿಪೇರಿ, ತಂಗಿ ರಿಪೇರಿ. ಎಲ್ಲ ಮುಗಿಸಿ, ಕೈ ತೊಳ್ಕೊಂಡು ಹೋಗೋಣ ಅಂತ...

ಅಳ್ತಿದ್ದೀಯಾ?... ಅಳಬೇಡ. ಅತ್ತು ಗೆಲ್ಲಬೇಡ. ಇದು ಮೋಸ. ನಾನು ಕೋಪ ಮಾಡ್ಕೊಂಡಿರೋವಾಗ ನೀನು ಅಳೋ ಹಾಗಿಲ್ಲ...

ಯಾವ ಹೂವು?...

ಏನು, ಬೆಳಿಗ್ಗೆ ಕಳಿಸ್ತೀಯಲ್ಲ, ಆ ಹೂವಿನ ಚಿತ್ರಗಳಾ? ಆ ಗುಲಾಬಿ, ಇಬ್ಬನಿ, ಶುಭೋದಯ? ಆ ದರಿದ್ರ ಹೂವುಗಳಿಗೂ ಇದಕ್ಕೂ...

ನೀಲಿ ಗೆರೆ ಬೀಳೋದಕ್ಕಾ?...

ನಾನು ನೋಡಿದೆ ಅಂತ ಗೊತ್ತಾಗೋಕಾ?... ಎದ್ದಿದ್ದೀನಾ ಅಂತ... ಎದ್ದಿದ್ದೀನಾ ಇಲ್ವಾ ಅಂತ ನೋಡೋಕಾ ದಿನಾ ಹೂವು ಕಳಿಸೋದು ನೀನು?...

ಅವು ಬಂದಕೂಡಲೇ ನಾನು ಮುಖ ಸಿಂಡರಿಸಿ ಅಳಿಸಿಹಾಕುತ್ತಿದ್ದೆ. ಇಷ್ಟು ಬುದ್ಧಿವಂತಳಾದ ಅಕ್ಕನಿಗೆ ಇಂಥ ಚಿತ್ರಗಳ ಹುಚ್ಚು ಯಾಕೆಂದು ಗೆಳತಿಗೆ ಹೇಳಿ ನಕ್ಕಿದ್ದೂ ಇದೆ. ನಾನು ತಡವಾಗಿ ಏಳುವ ಭಾನುವಾರಗಳಲ್ಲಿ ಅವಳು ಆ ಗೆರೆ ನೀಲಿಯಾಗುವ ತನಕ ಏನು ಮಾಡುತ್ತಿದ್ದಳೋ, ಕೇಳುವ ಧೈರ್ಯವಾಗಲಿಲ್ಲ.

ಅಕ್ಕಾ... ಮೂಗು ಒರೆಸ್ಕೋ. ಟೀಚರ್, ಅವಳಿಗೆ ಏನಾದ್ರೂ ಕೊಡಿ... ಬೇಡ ಬೇಡ, ನೀವು ಕೈ ಬಿಡಬೇಡಿ, ಸ್ಟೀರಿಂಗ್ ಹಿಡ್ಕೊಳ್ಳಿ...

ಸುಸ್ತಾಗಿದ್ರೆ ಸುಸ್ತಾಗಿದೆ ಅಂತ ಹೇಳಬಹುದಿತ್ತಲ್ಲ. ನನಗೆ ಬೈದಾದ್ರೂ ಹೇಳಬಹುದಿತ್ತಲ್ಲ. 'ನಿನ್ನ ಕಾದು ಕಾದು ಸಾಕಾಗಿದೆ, ಹೋಗಿ ಆ ಇಂಜೆಕ್ಷನ್ ಹಾಕಿಸ್ಕೊಂಡು ಬಾ' ಅಂದಿದ್ರೆ ನಾನೂ ಮುಖಕ್ಕೆ ಮುಖ ಕೊಟ್ಟು ಜಗಳ ಆಡ್ತಿದ್ದೆ. ಅದು ಬಿಟ್ಟು ನನ್ನ ದನೀಲಿ ನೀನೇ ಕೇಳಿ, ನೀನೇ ಹೂಂ ಅಂದ್ರೆ, ನಾನ್ಯಾಕೆ ಇರಬೇಕು ಮಧ್ಯ?...

ಇಲ್ಲ, ಕೋಪ ಹೋಗಿಲ್ಲ. ನೀನು ಅತ್ತೆ ಅಂತ ಹೋಗಿಬಿಡುತ್ತಾ...

ಮತ್ತೆ ಅದೇ! ಮತ್ತೆ 'ನೋಡ್ಕೋ'!...

ಸರಿ. ಸರಿ ಅಕ್ಕಾ. ನೋಡ್ತೀನಿ. ಈಗಲೇ, ಇಲ್ಲೇ, ನೀನು ಲೈನಲ್ಲಿ ಇರೋವಾಗಲೇ ನೋಡ್ತೀನಿ. ಆದ್ರೆ ಒಂದು ಮಾತು. ಸರಿಯಾಗಿ ಬಂತು ಅಂದ್ರೆ, ಇದು ಶುಗರ್ ಅಲ್ಲ, ನನ್ನ ಕೋಪ ಅಂತ ನೀನು ಒಪ್ಕೋಬೇಕು. ಬಾಯಿಬಿಟ್ಟು ಒಪ್ಕೋಬೇಕು. ನಾನು ಬರಲ್ಲ ಅಂತ ಆಸ್ಪತ್ರೆಗೂ ನೀನೇ ಹೇಳಬೇಕು. ಟೀಚರ್, ನೀವೇ ಸಾಕ್ಷಿ...

ತಡಿ. ಮೀಟರ್ ಬ್ಯಾಗಲ್ಲಿದೆ... ಇರು, ಒಂದು ಕೈಯಲ್ಲಿ ಆಗ್ತಿಲ್ಲ... ಮೀಟರಿಗೆ ಸ್ಟ್ರಿಪ್ ಹಾಕಿದೆ...

ಬೆರಳಿಗೆ ಚುಚ್ಚಿದೆ. ಬಲ್ಬಿನ ಬೆಳಕಿಗೆ ರಕ್ತದ ಹನಿ ಕಪ್ಪಗೆ ಕಂಡಿತು. ಮೀಟರ್ ಎಣಿಸುತ್ತಿತ್ತು. ನನಗೆ ಏನೂ ಆಗಿರಲಿಲ್ಲ. ಬೆವರಿರಲಿಲ್ಲ, ಕೈ ನಡುಗುತ್ತಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಮೈಯಲ್ಲಿ ಇದ್ದದ್ದು ಕೋಪವೊಂದೇ, ಅದೂ ಚೆನ್ನಾಗಿ, ಬಿಸಿಯಾಗಿ ಇತ್ತು. ಜೀವನದಲ್ಲಿ ಮೊದಲ ಸಲ ಯಾರನ್ನೋ ಮಾತಿನಲ್ಲಿ ಸೋಲಿಸುವ ಹೊತ್ತು ಅದು. ಎಪ್ಪತ್ತಕ್ಕಿಂತ ಇಳಿಯಬಾರದು; ಪರದೆಯ ಮೇಲೆ ಐವತ್ತೊಂದು ಎಂದು ಬಂತು.

ಹಾಂ... ಇದ್ದೀನಿ, ಇದ್ದೀನಿ...

ಬಂತು...

ನೂರ ಹದಿನೆಂಟು.

ಹಾಂ. ನೂರ ಹದಿನೆಂಟು. ಕೇಳಿಸ್ತಾ?...

ಹೌದು. ಊಟಕ್ಕೆ ಮುಂಚೆ ಅದು ಒಳ್ಳೇದೇ...

ಏನು?... ಇನ್ನೊಂದು ಸಲ ಹೇಳು...

ತಪ್ಪಾಯ್ತಾ... ಹೂಂ. ಕೋಪಾನೇ ಅಂತ ಒಪ್ಕೋತೀಯಾ... ಹೂಂ...

ಟೀಚರ್ ಚಪ್ಪಾಳೆ ಹೊಡೀತಿದ್ದಾರಾ! ಕೈ ಬಿಟ್ಟರಾ? ಅಕ್ಕಾ, ಬ್ರೇಕ್!... ಉಶ್ಶಪ್ಪಾ...

ಚೀಲದಲ್ಲಿ ಯಾವಾಗಲೂ ಇಟ್ಟುಕೊಳ್ಳುವ ಸಕ್ಕರೆಯ ಪೊಟ್ಟಣವನ್ನು ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡೆ. ಸದ್ದಾಗದಂತೆ ಕರಗಿಸಿ ನುಂಗಿದೆ. ಕಿವಿಯಲ್ಲಿ ಅಕ್ಕ ಮಾತಾಡುತ್ತಲೇ ಇದ್ದಳು. ನಾನು ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತುಗಳನ್ನೇ ಒಂದೊಂದಾಗಿ ಹೇಳುತ್ತಿದ್ದಳು. ಒಂದೂ ರುಚಿಸಲಿಲ್ಲ.

ಹಾಂ, ಕೇಳಿಸ್ತಿದೆ... ಇಲ್ಲ, ಏನೂ ತಿಂತಿಲ್ಲ...

ನೀನೇ ಫೋನ್ ಮಾಡ್ತೀಯಾ? ಅವಳಿಗಾ?... ಏನಂತ ಹೇಳ್ತೀಯಾ?...

'ನಮ್ಮ ಪುಟ್ಟಿಗೆ ಹಾಗೆಲ್ಲ ಆಗಲ್ಲ, ನಾನೇ ಕಟ್ಟಿ ಹೇಳಿದ್ದು, ಅವಳಿಗೆ ಶುಗರ್ ಇಳಿದ್ರೆ ಚೆನ್ನಾಗಿ ಗೊತ್ತಾಗುತ್ತೆ, ಅವಳಿಗೆ ಈ ಪ್ರಯೋಗ ಬೇಡ'... ಹೂಂ... ಹಾಗೇ ಹೇಳ್ತೀಯಾ...

ಹೂಂ...

ಮನಸ್ಸು ಹಗುರ ಆಯ್ತಾ ನಿನಗೆ?... ಆರಾಮಾಗಿ ಹೋಗ್ತೀಯಾ ಹಾಗಾದ್ರೆ ಬರೋ ತಿಂಗಳು?... ಹೂವು ಕಳಿಸಲ್ವಾ ಇನ್ಮೇಲೆ?...

ಸರಿ. ಟೀಚರಿಗೂ ಹೇಳು. ಇಡ್ತೀಯಾ?... ಹೂಂ, ಇಡು...

ಅಕ್ಕಾ. ಅಕ್ಕಾ, ಇ‌ಡಬೇಡ. ಇರು...

ಇರು ಅಂದೆ. ಅವಳಿಗೆ ನೀನು ಫೋನ್ ಮಾಡಬೇಡ. ನಾನು ಮಾಡ್ತೀನಿ. ನನ್ನ ದನೀಲೇ ಮಾಡ್ತೀನಿ, ಶೀತ ಇಲ್ಲದ ದನೀಲಿ. ಬರ್ತೀನೋ ಬರಲ್ವೋ, ಏನು ಹೇಳ್ತೀನಿ ಅಂತ ನನಗಿನ್ನೂ ಗೊತ್ತಿಲ್ಲ. ಕೇಳೋದು ತುಂಬಾ ಇದೆ ಅವರನ್ನ. ಆದ್ರೆ ನಾನೇ ಕೇಳ್ತೀನಿ...

ಕೋಪ ಇದೆ. ಈಗಲೂ ಇದೆ, ಮೀಟರ್ ಏನೇ ಹೇಳಲಿ, ಅದು ನಂದೇ...

ಮೀಟರ್ ಏನು ಹೇಳ್ತು ಅಂತನಾ?... ಅದನ್ನೇ ಹೇಳೋಕೆ ಬಂದೆ...

ಗಾಡಿ ಯಾಕೆ ನಿಂತುಹೋಯ್ತು? ಇಂಜಿನ್ ಸದ್ದೇ ಇಲ್ಲ... ಟೀಚರ್ ನಿಲ್ಲಿಸಿದ್ರಾ?... ಹಾಂ. ನಿಲ್ಲಿಸಿರಲಿ...

ಸಕ್ಕರೆ ತಿಂದಿದ್ದೀನಿ, ಹೆದರಬೇಡ, ಅದು ಏರುತ್ತೆ. ಹೇಳೋದು ಬೇರೆ... ಅಕ್ಕಾ, ನೂರ ಹದಿನೆಂಟಲ್ಲ. ಐವತ್ತೊಂದು. ನಿನ್ನ ಹತ್ರ ಇಷ್ಟು ಹೊತ್ತು ಕೂಗಾಡಿದ್ನಲ್ಲ, ನನಗೆ ಗೊತ್ತೇ ಆಗಲಿಲ್ಲ. ಇವತ್ತೊಂದೇ ದಿನ ಅಲ್ಲ. ಎಷ್ಟೋ ತಿಂಗಳಾಯ್ತು ಗೊತ್ತಾಗೋದು ನಿಂತು. ನೀನು ಕಟ್ಟಿ ಹೇಳಿದ್ದೆಲ್ಲ ನಿಜ ಅಕ್ಕಾ, ರಾತ್ರಿ ದೀಪ ಆರಿಸೋಕೆ ನನಗೆ ಭಯ ಆಗುತ್ತೆ...

ಅತ್ತ ಇಂಜಿನ್ ಮತ್ತೆ ಶುರುವಾದ ಸದ್ದು, 'ಟೀಚರ್, ಗಾಡಿ ತಿರುಗಿಸಿ' ಎಂಬ ಅಕ್ಕನ ದನಿ; ಲೈನು ಕಟ್ಟಾಯಿತು.